ಕೋಟಿ ಲೆಕ್ಕ ಬಿಡಿ, ತಳಿಯ ಹೆಸರು ನೋಡಿ

ಯೋನಿಯ ಆರೋಗ್ಯಕ್ಕೆ ನುಂಗುವ ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ) ಬಗ್ಗೆ ನಿಮ್ಮ ಲೇಖನದಲ್ಲಿ ‘ಸಿಎಫ್‌ಯು ಸಂಖ್ಯೆ, ಅಂದರೆ ಜೀವಂತ ಬ್ಯಾಕ್ಟೀರಿಯಾಗಳ ಲೆಕ್ಕ, ಜಾಸ್ತಿ ಇದ್ದಷ್ಟೂ ಒಳ್ಳೆಯದು’ ಅಂತ ಬರೆದಿದ್ದೀರಲ್ಲ, ಅದೊಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ 5000 ಕೋಟಿ ಅಂತ ಇದ್ದದ್ದು ನೋಡಿ ನಾನೂ ಮರುಳಾಗಿ ತಂದೆ, ಹಿಂದೆ ತಿರುಗಿಸಿದರೆ ಬರೀ ‘ಲ್ಯಾಕ್ಟೋಬ್ಯಾಸಿಲಸ್’ ಅಂತ ಬ್ಯಾಕ್ಟೀರಿಯಾದ ಕುಲದ ಹೆಸರು, ಯಾವ ತಳಿ ಅನ್ನೋ ಸುಳಿವೇ ಇಲ್ಲ. ಯೋನಿಯ ಆರೋಗ್ಯಕ್ಕೆ ಅಂತ ಪರೀಕ್ಷೆ ಆಗಿರುವುದು ರ‍್ಯಾಮ್ನೋಸಸ್ ಜಿಆರ್-1, ರೂಟೆರಿ ಆರ್‌ಸಿ-14, ಕ್ರಿಸ್ಪೇಟಸ್ ಸಿಟಿವಿ-05 ಥರದ ಕೆಲವೇ ತಳಿಗಳು. ಅವುಗಳ ಫಲಿತಾಂಶವೂ ಎಲ್ಲ ಕಡೆ ಒಂದೇ ಥರ ಬಂದಿಲ್ಲ. ನಾನು ತಂದ ಆ ಡಬ್ಬಿಯದನ್ನು ಸುಮ್ನೆ ಎರಡು ತಿಂಗಳು ನುಂಗಿದೆ, ನನಗಿದ್ದ ತುರಿಕೆ ಹಾಗೇ ಇತ್ತು. (ಮೊಸರು ತಿನ್ನು ಸಾಕು ಅಂತ ಅತ್ತೆ ಬೇರೆ.) ಕೊನೆಗೆ ಡಾಕ್ಟರ್ ಹತ್ತಿರ ಹೋದರೆ, ಪಿಎಚ್ ಪಟ್ಟಿ (ಆಮ್ಲೀಯತೆ ತೋರಿಸುವ ಕಾಗದ) ಇಟ್ಟು ನೋಡಿದರು, 4.5ಕ್ಕಿಂತ ಕಡಿಮೆ, ಅಂದರೆ ಸಹಜವೇ. ಸ್ರಾವ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಅದು ಫಂಗಸ್! ಅದಕ್ಕೆ ಬೇಕಿದ್ದದ್ದು ಬೇರೆಯೇ ಔಷಧಿ. ಮೊದಲು ಪರೀಕ್ಷೆ, ಆಮೇಲೆ ಡಬ್ಬಿ ಅಂತ ಲೇಖನದಲ್ಲಿ ಒಂದು ಸಾಲು ಸೇರಿಸಬಹುದಿತ್ತು ಅಲ್ವಾ?