ಕೋಟೆ ಕೊಳ್ಳೆಹೋದ ಮೇಲಿನ ಮೊದಲ ಗಂಟೆ

"ಸ್ವಲ್ಪ ನೋಡ್ಕೋಬಾರ್ದಿತ್ತಾ?"

ಪ್ರಯಾಣದಲ್ಲಿ ಏನಾದರೂ ಕಳಕೊಂಡವರಿಗೆ ಈ ಮಾತು ಪುಕ್ಕಟೆ ಸಿಗುತ್ತೆ. ನನಗೂ ಸಿಕ್ಕಿತ್ತು, ಹನ್ನೊಂದು ಜನರಿಂದ. ಎಣಿಸಿದ್ದೇನೆ. ಹನ್ನೆರಡನೆಯವರು ನೇರ ಗಾದೆಯನ್ನೇ ಎಸೆದರು: ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ನಡೆದದ್ದು ಇಷ್ಟು. ಭಾಷೆ ಗೊತ್ತಿಲ್ಲದ ಊರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಒಬ್ಬ ಹೆಂಗಸು ಹತ್ತಿರ ಬಂದು ನನ್ನ ಭುಜ ತೋರಿಸಿದಳು. ನೋಡಿದರೆ ಎಡಭುಜದಿಂದ ಮೊಣಕೈವರೆಗೆ ಬೆಳ್ಳಗೆ, ಹಕ್ಕಿ ಹಿಕ್ಕೆ ಹಾಕಿದ ಹಾಗೆ. ಅವಳ ಜೊತೆಗಿದ್ದವನು ಪಾಪ, ಜೇಬಿನಿಂದ ಟಿಶ್ಯೂ ತೆಗೆದು ಕೊಟ್ಟ. ಬೆನ್ನ ಮೇಲೂ ಇದೆ ಅಂತ ಸನ್ನೆ ಮಾಡಿ ತಾನೇ ಒರೆಸಿದ. ನಾನು ಬ್ಯಾಗನ್ನು ಎರಡು ಕಾಲುಗಳ ನಡುವೆ ಭದ್ರವಾಗಿ ಒತ್ತಿಕೊಂಡಿದ್ದೆ. ಜಾಣತನ ನೋಡಿ! ಅವರು ಹೊರಟಾಗ ಎರಡು ಸಲ ಥ್ಯಾಂಕ್ಸ್ ಹೇಳಿದೆ. ಹತ್ತು ನಿಮಿಷ ಬಿಟ್ಟು ಬಸ್ಸಿನ ಟಿಕೆಟ್ ತೋರಿಸೋಣ ಅಂತ ಪ್ಯಾಂಟಿನ ಜೇಬಿಗೆ ಕೈ ಹಾಕಿದರೆ ಫೋನಿಲ್ಲ. ಅಂಗಿ ಮೂಸಿ ನೋಡಿದೆ. ಹಕ್ಕಿಯದ್ದಲ್ಲ, ಶಾಂಪೂ.

ಇದು ನೋಡ್ಕೋಬೇಕಿತ್ತು ಅನ್ನುವ ವಿಷಯವೇ ಅಲ್ಲ ಅನ್ನೋದು ನನ್ನ ವಾದ. ನಾನು ನೋಡ್ತಾನೇ ಇದ್ದೆ. ಅವರು ತೋರಿಸಿದ ಕಡೆ ನೋಡ್ತಿದ್ದೆ, ಅಷ್ಟೇ. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಬ್ರಿ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಬಾಸ್ಕೆಟ್‌ಬಾಲ್ ಆಡುವವರ ವಿಡಿಯೋ ತೋರಿಸಿ, ಎಷ್ಟು ಸಲ ಚೆಂಡು ಕೈ ಬದಲಾಯಿತು ಎಣಿಸಿ ಅಂದರು. ಆಟದ ನಡುವೆ ಗೊರಿಲ್ಲಾ ವೇಷದವರೊಬ್ಬರು ನಡೆದು ಬಂದು, ಎದೆ ಬಡಿದುಕೊಂಡು ಹೋಗುತ್ತಾರೆ. ನೋಡಿದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಗೊರಿಲ್ಲಾ ಕಾಣಿಸಲೇ ಇಲ್ಲ. ತಂಪಾದ ಕೋಣೆಯಲ್ಲಿ ಕೂತವರ ಕತೆಯೇ ಹೀಗಾದರೆ, ನಿದ್ದೆಗೆಟ್ಟು, ಬಸ್ಸಿನ ಬೋರ್ಡು ಓದಲಾಗದೆ, ಮೈಮೇಲೆ ಹಿಕ್ಕೆ ಬಿದ್ದವನಿಗೆ ಏನು ಕಾಣುತ್ತೆ?

ಹೆದರಿಸಿದರೆ ಕಳ್ಳತನ ನಿಲ್ಲುತ್ತೆ ಅನ್ನುವವರಿಗೆ ಇನ್ನೊಂದು ಮಾತು. ಇಂಗ್ಲೆಂಡಿನಲ್ಲಿ 1808ರವರೆಗೆ ಜೇಬು ಕತ್ತರಿಸಿದರೆ ಗಲ್ಲು ಶಿಕ್ಷೆ ಕೊಡುವ ಕಾನೂನಿತ್ತು. ಸ್ಯಾಮ್ಯುಯೆಲ್ ರೊಮಿಲಿ ಎಂಬ ಸಂಸದರು ಹೋರಾಡಿ ತೆಗೆಸಿದರು. ಆ ಕಾಲದಲ್ಲಿ ಗಲ್ಲು ನೋಡಲು ಜಾತ್ರೆ ಸೇರುತ್ತಿತ್ತು, ಆ ಜಾತ್ರೆಯಲ್ಲೇ ಜೇಬುಗಳ್ಳರು ಕೆಲಸ ಮಾಡುತ್ತಿದ್ದರು. ಎಲ್ಲರ ಕತ್ತೂ ಮೇಲಕ್ಕೆ ಇರುತ್ತಿತ್ತಲ್ಲ.

ಹಾಗಾಗಿ "ಹುಷಾರಾಗಿರಿ" ಅನ್ನುವ ಸಲಹೆ ನನಗೆ ಈಗ ಸಲಹೆಯಾಗಿ ಕೇಳಿಸೋದೇ ಇಲ್ಲ. ಹದಿನಾಲ್ಕು ಗಂಟೆ ಯಾರೂ ಹುಷಾರಾಗಿರಲು ಸಾಧ್ಯವಿಲ್ಲ. ಹೋಗೋದು ಹೋಗುತ್ತೆ. ಹೋದ ಮೇಲಿನ ಮೊದಲ ಒಂದು ಗಂಟೆ ನಮ್ಮ ಕೈಯಲ್ಲಿ ಏನಿರುತ್ತೆ ಅನ್ನೋದನ್ನು ಮಾತ್ರ ನಾವು ಮೊದಲೇ ತೀರ್ಮಾನಿಸಬಹುದು. ಗಾದೆ ಹೇಳಿದವರ ಕ್ಷಮೆ ಕೋರಿ ಹೇಳ್ತೀನಿ: ಫೋನು ಹೋದಾಗ ಕೊಳ್ಳೆಹೋಗಿರೋದು ಹೊರಗಿನ ಪೇಟೆ ಮಾತ್ರ. ಒಳಕೋಟೆ ಇನ್ನೂ ಹಾಗೇ ಇರುತ್ತೆ. ದಿಡ್ಡಿ ಬಾಗಿಲು ಹಾಕಬೇಕಾದದ್ದೇ ಆಗ.

ನನ್ನ ಮೊದಲ ಗಂಟೆ ಹೇಗಿತ್ತು ಗೊತ್ತಾ? ಪಕ್ಕದಲ್ಲಿದ್ದ ಹುಡುಗ ತನ್ನ ಫೋನ್ ಕೊಟ್ಟ, ಯಾರಿಗಾದರೂ ಮಾಡಿ ಅಂತ. ಕೈಯಲ್ಲಿ ಹಿಡಿದು ನಿಂತೆ. ಒಂದು ನಂಬರೂ ನೆನಪಿಲ್ಲ. ಮನೆಯವರದ್ದೂ ಇಲ್ಲ, ತಮ್ಮನದ್ದೂ ಇಲ್ಲ. ತಲೆಯಲ್ಲಿ ಸರಾಗವಾಗಿ ಓಡುತ್ತಿದ್ದದ್ದು ಒಂದೇ ನಂಬರು: ನಾನು ಶಾಲೆಗೆ ಹೋಗುತ್ತಿದ್ದಾಗ ನಮ್ಮ ಮನೆಯಲ್ಲಿದ್ದ ಲ್ಯಾಂಡ್‌ಲೈನಿನದ್ದು. ಅದನ್ನು ತೆಗೆಸಿ ಎಷ್ಟೋ ವರ್ಷ ಆಗಿದೆ. ಸರಿ, ಮೇಲ್ ತೆರೆಯೋಣ ಅಂತ ಅವನ ಫೋನಿನಲ್ಲೇ ಪಾಸ್‌ವರ್ಡ್ ಹಾಕಿದೆ. ಪರದೆ ವಿನಯದಿಂದ ಕೇಳಿತು: ನಿಮ್ಮ ಫೋನಿಗೆ ಕೋಡ್ ಕಳಿಸಿದ್ದೇವೆ, ನಮೂದಿಸಿ.

ನನ್ನ ಫೋನಿಗೆ!

ಬ್ಯಾಂಕ್ ಕಾರ್ಡ್ ಎಲ್ಲಿತ್ತು ಅಂತ ಕೇಳಬೇಡಿ. ಸರಿ ಕೇಳಿ, ಫೋನಿನ ಕವರಿನ ಹಿಂದೆ ಸಿಕ್ಕಿಸಿದ್ದೆ, ಕೈಗೆ ಸುಲಭವಾಗಿ ಸಿಗಲಿ ಅಂತ. ಸಿಕ್ಕಿತು, ಅವರ ಕೈಗೆ. ಬ್ಯಾಗಿನಲ್ಲಿ ಏನಿತ್ತು? ಎರಡು ಜೊತೆ ಬಟ್ಟೆ, ಚಾರ್ಜರ್, ಅರ್ಧ ಓದಿದ ಪುಸ್ತಕ. ಅದನ್ನೇ ನಾನು ಕಾಲಲ್ಲಿ ಒತ್ತಿಕೊಂಡು ಕಾದದ್ದು.

ಆಮೇಲೆ ಕಲಿತದ್ದರಲ್ಲಿ ಅತಿ ಮುಖ್ಯವಾದದ್ದು ಸಿಮ್‌ಗೆ ಪಿನ್ ಹಾಕೋದು. ಫೋನಿಗೆ ಬೆರಳಚ್ಚು, ಮುಖ, ಪಾಸ್‌ಕೋಡ್ ಎಲ್ಲ ಇಟ್ಟಿರ್ತೀವಿ. ಸಿಮ್ ಮಾತ್ರ ಬಾಗಿಲಿಲ್ಲದ ಮನೆ. ಕಳ್ಳ ನಿಮ್ಮ ಫೋನ್ ತೆರೆಯಬೇಕಾಗಿಲ್ಲ, ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೆ ಸಾಕು, ನಿಮ್ಮ ಒಟಿಪಿಗಳೆಲ್ಲ ಅವನ ಪರದೆಗೆ. ಸಿಮ್ ಪಿನ್ ಇದ್ದರೆ ಮೂರು ಸಲ ತಪ್ಪು ಹಾಕಿದ ತಕ್ಷಣ ಅದು ಲಾಕ್ ಆಗಿ ಪಿಯುಕೆ ಅನ್ನುವ ಇನ್ನೊಂದು ಬಿಡುಗಡೆ ಕೋಡ್ ಕೇಳುತ್ತೆ, ಅದನ್ನೂ ಹತ್ತು ಸಲ ತಪ್ಪಿದರೆ ಸಿಮ್ ಕಾಯಂ ಸತ್ತ ಹಾಗೆ. ಆದರೆ ಹುಷಾರು, ಕಂಪನಿ ಮೊದಲೇ ಇಟ್ಟಿರುವ ಪಿನ್ ಯಾವುದು ಅಂತ ತಿಳಿದುಕೊಳ್ಳದೆ ಊಹೆಯ ಮೇಲೆ ಒತ್ತಿದರೆ, ನಿಮ್ಮನ್ನು ನೀವೇ ಹೊರಗೆ ಹಾಕಿಕೊಳ್ಳುತ್ತೀರಿ. ನನ್ನ ಗೆಳೆಯನೊಬ್ಬ ಪ್ರಯಾಣದ ಹಿಂದಿನ ರಾತ್ರಿ ಹೀಗೆ ಮಾಡಿಕೊಂಡು ಬೆಳಗ್ಗೆ ನನ್ನನ್ನು ಬೈದ. ಫೋನಿನೊಳಗೇ ಅಡಕವಾಗಿರುವ ಇ-ಸಿಮ್ ಆದರೆ ಕಿತ್ತು ತೆಗೆಯುವ ಪ್ರಶ್ನೆಯೇ ಇಲ್ಲ.

ಎರಡನೆಯದು, ಫೋನನ್ನು ದೂರದಿಂದ ಲಾಕ್ ಮಾಡೋದು. ಐಫೋನಿನವರಿಗೆ ಕಳೆದ ಫೋನ್ ಹುಡುಕುವ ಐಕ್ಲೌಡ್‌ನ ಫೈಂಡ್ ಪುಟಕ್ಕೆ ಹೋಗಲು ಎರಡನೇ ಕೋಡ್ ಬೇಡ, ಪಾಸ್‌ವರ್ಡ್ ಸಾಕು. ಫೋನೇ ಇಲ್ಲದವರು ಬರ್ತಾರೆ ಅಂತ ಅವರಿಗೂ ಗೊತ್ತು. ಆಂಡ್ರಾಯ್ಡ್‌ನಲ್ಲಿ 2024ರಿಂದ ಬರೀ ಫೋನ್ ನಂಬರ್ ಕೊಟ್ಟು ಲಾಕ್ ಮಾಡುವ ಸೌಲಭ್ಯ ಬಂದಿದೆ, ಆದರೆ ಮೊದಲೇ ಆನ್ ಮಾಡಿಟ್ಟಿರಬೇಕು. ಕೈಯಿಂದ ಕಿತ್ತುಕೊಂಡು ಓಡಿದ್ದನ್ನು ಚಲನೆಯಿಂದಲೇ ಗುರುತಿಸಿ ತಾನೇ ಲಾಕ್ ಆಗುವುದೂ ಅದರ ಜೊತೆಗೇ ಬಂತು. ಅದೇ ವರ್ಷ ಜನವರಿಯಲ್ಲಿ ಐಫೋನಿಗೆ ಬಂದ ಕಳವು ರಕ್ಷಣೆಯನ್ನು ಆನ್ ಮಾಡಿಟ್ಟರೆ, ಪರಿಚಿತ ಜಾಗ ಬಿಟ್ಟು ಬೇರೆಲ್ಲೋ ಖಾತೆಯ ಪಾಸ್‌ವರ್ಡ್ ಬದಲಿಸಲು ಹೋದರೆ ಒಂದು ಗಂಟೆ ಕಾಯಿಸುತ್ತೆ, ಮತ್ತೆ ಮುಖ ಕೇಳುತ್ತೆ. ಒಂದು ಗಂಟೆ! ನಾನು ಹೇಳ್ತಿರೋ ಗಂಟೆಯೇ ಅದು. ಕಳ್ಳನನ್ನು ಕಾಯಿಸುವ ಆ ಗಂಟೆಯಲ್ಲಿ ನೀವು ಬಾಗಿಲು ಹಾಕಬೇಕು.

ಕೆಲವು ದಿನ ಬಿಟ್ಟು ಒಂದು ಮೆಸೇಜ್ ಬರಬಹುದು, "ನಿಮ್ಮ ಫೋನ್ ಸಿಕ್ಕಿದೆ, ಎಲ್ಲಿದೆ ನೋಡಲು ಇಲ್ಲಿ ಒತ್ತಿ" ಅಂತ. ಒತ್ತಬೇಡಿ. ಲಾಕ್ ಆದ ಫೋನು ಕಳ್ಳನಿಗೆ ಬರೀ ಇಟ್ಟಿಗೆ, ಅದಕ್ಕೇ ಪಾಸ್‌ವರ್ಡ್ ಕೇಳಿಕೊಂಡು ಬಂದಿದ್ದಾನೆ.

ಇವತ್ತು ರಾತ್ರಿಯೇ ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ಫೋನನ್ನು ಸ್ವಿಚ್ ಆಫ್ ಮಾಡಿ ಬೀರುವಿನಲ್ಲಿಡಿ. ಬೇರೆಯವರ ಲ್ಯಾಪ್‌ಟಾಪಿನಿಂದ ನಿಮ್ಮ ಮೇಲ್‌ಗೆ ಹೋಗಲು ನೋಡಿ. ಹೋಗಲಾಗದಿದ್ದರೆ, ಟಿಕೆಟ್ಟು, ಹೋಟೆಲ್ ಬುಕಿಂಗ್, ಪಾಸ್‌ಪೋರ್ಟಿನ ಸ್ಕ್ಯಾನ್ ಎಲ್ಲ "ಮೇಲ್‌ನಲ್ಲಿದೆ" ಅನ್ನೋದು ಬರೀ ಮಾತು. ಗೂಗಲ್ ಖಾತೆಯಲ್ಲಿ ಬ್ಯಾಕಪ್ ಕೋಡ್ ಅಂತ ಹತ್ತು ಕೋಡ್ ಕೊಡುತ್ತೆ, ತಲಾ ಎಂಟು ಅಂಕಿ, ಒಂದೊಂದೂ ಒಂದು ಸಲಕ್ಕೆ ಮಾತ್ರ. ನಾನು ಎರಡನ್ನು ಕಾಗದದ ಮೇಲೆ ಬರೆದು ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದೇನೆ, ಏನು ಅಂತ ಬರೆಯದೆ. ಅದೇ ಚೀಟಿಯಲ್ಲಿ ಮೂರು ಫೋನ್ ನಂಬರು, ಬ್ಯಾಂಕಿನ ಕಾರ್ಡ್ ನಿಲ್ಲಿಸುವ ನಂಬರು, ಫೋನಿನ ಐಎಂಇಐ. ಐಎಂಇಐ ಅಂದರೆ ಫೋನಿನ ಗುರುತಿನ ಸಂಖ್ಯೆ, *#06# ಒತ್ತಿದರೆ ಬರುವ 15 ಅಂಕಿ. ದೂರು ಕೊಡುವಾಗ ಅದನ್ನೇ ಕೇಳ್ತಾರೆ, ಫೋನ್ ಹೋದ ಮೇಲೆ ಎಲ್ಲಿ ಒತ್ತೋದು? ಎರಡನೇ ಕಾರ್ಡ್ ಬಟ್ಟೆಗಳ ನಡುವೆ, ಮೊದಲನೆಯದರಿಂದ ದೂರ.

ಪಾಸ್‌ಪೋರ್ಟ್ ವಿಷಯದಲ್ಲಿ ಒಂದು ಎಚ್ಚರಿಕೆ. ಕಳೆದಿದೆ ಅಂತ ದೂರು ಕೊಟ್ಟ ಮೇಲೆ ಸಾಮಾನ್ಯವಾಗಿ ಅದು ರದ್ದಾಗುತ್ತೆ. ವಿವರ ಇಂಟರ್‌ಪೋಲ್ 2002ರಲ್ಲಿ ಶುರುಮಾಡಿದ ಕಳೆದ ದಾಖಲೆಗಳ ಪಟ್ಟಿಗೂ ಸೇರಬಹುದು. ಮರುದಿನ ಸೂಟ್‌ಕೇಸಿನ ಅಡಿಯಲ್ಲಿ ಸಿಕ್ಕಿತು ಅಂತ ಖುಷಿಯಿಂದ ಅದನ್ನೇ ಹಿಡಿದು ಗಡಿ ದಾಟಲು ಹೋದರೆ ಪಕ್ಕಕ್ಕೆ ಕರೆದು ಕೂರಿಸುತ್ತಾರೆ. ಅದಕ್ಕೇ ದೂರು ಕೊಡುವ ಮುಂಚೆ ಬ್ಯಾಗನ್ನು ಪೂರ್ತಿ ತಲೆಕೆಳಗು ಮಾಡಿ.

ಬೀಗಗಳ ಬಗ್ಗೆ ನನಗೆ ಅಂಥ ಗೌರವ ಉಳಿದಿಲ್ಲ. ಬಾಲ್‌ಪೆನ್ನಿನ ಮೊನೆಯನ್ನು ಜಿಪ್ಪಿನ ಹಲ್ಲುಗಳ ನಡುವೆ ಒತ್ತಿದರೆ ಜಿಪ್ ಬಾಯಿ ಬಿಡುತ್ತೆ, ಬೀಗ ಬಿಚ್ಚದೆಯೇ. ಕೆಲಸ ಮುಗಿದ ಮೇಲೆ ಬೀಗದ ಸಮೇತ ಜಿಪ್ ಎಳೆಯುವ ಗುಂಡಿಯನ್ನು ಒಂದು ಸಲ ಎಳೆದರೆ ಮತ್ತೆ ಮುಚ್ಚಿಕೊಳ್ಳುತ್ತೆ. ನಾನೇ ನನ್ನ ಹಳೇ ಸೂಟ್‌ಕೇಸಿನ ಮೇಲೆ ಮಾಡಿ ನೋಡಿದೆ, ಎಂಟು ಸೆಕೆಂಡು. ಇನ್ನು ಕೆಂಪು ಗುರುತಿನ ಟಿಎಸ್‌ಎ ಬೀಗ. ಅಮೆರಿಕದ ತಪಾಸಣೆಯವರು ತೆರೆಯುವ ಮಾಸ್ಟರ್ ಕೀಲಿಗಳ ಫೋಟೋ 2014ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾಗಿಬಿಟ್ಟಿತು. 2015ರಲ್ಲಿ 3ಡಿ ಪ್ರಿಂಟರಿನಲ್ಲಿ ಕೀಲಿ ಮಾಡಿಕೊಳ್ಳುವ ನಕ್ಷೆ ಇಂಟರ್‌ನೆಟ್‌ನಲ್ಲಿತ್ತು. ಬೀಗ ಹಾಕಿ, ಬೇಡ ಅನ್ನಲ್ಲ. ಬ್ಯಾಗು ತಾನಾಗಿ ತೆರೆದುಕೊಳ್ಳದಿರಲಿ ಅಂತ. ಬೆಲೆಬಾಳುವುದನ್ನು ಅದರೊಳಗೆ ಇಡಬೇಡಿ.

ವಿಮಾನದ ಬ್ಯಾಗು ಬೆಲ್ಟಿನ ಮೇಲೆ ಬರಲೇ ಇಲ್ಲ ಅಂದರೆ ಹೊರಗೆ ಹೋಗುವ ಮುಂಚೆ ಅಲ್ಲೇ ದೂರು ಬರೆಸಿ ಪ್ರತಿ ತೆಗೆದುಕೊಳ್ಳಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅಂತ ಇದೆ: ಬ್ಯಾಗು ಹಾಳಾಗಿ ಬಂದಿದ್ದರೆ ಸಿಕ್ಕಿದ ಏಳು ದಿನದೊಳಗೆ, ತಡವಾಗಿ ಬಂದಿದ್ದರೆ ಸಿಕ್ಕಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಬಾಯಿಮಾತು ಸಾಲದು. ಸೂಟ್‌ಕೇಸ್ ಮುಚ್ಚುವ ಮುಂಚೆ ಒಳಗಿನದ್ದರ ಒಂದು ಫೋಟೋ ತೆಗೆದಿಟ್ಟುಕೊಂಡರೆ ಆ ದೂರು ಬರೆಯೋದು ಸಲೀಸು. ಇಲ್ಲದಿದ್ದರೆ "ಒಳಗೇನಿತ್ತು?" ಅಂದಾಗ "ಬಟ್ಟೆ" ಅಂತ ತೊದಲಬೇಕಾಗುತ್ತೆ.

ಇಷ್ಟೆಲ್ಲ ಬರೆದ ಮೇಲೆ ಒಂದು ವಿಷಯ ನನ್ನನ್ನೇ ನಾಚಿಸುತ್ತೆ. ಆ ಫೋನ್ ಹೋದ ದಿನ ರಾತ್ರಿ ಟ್ಯಾಕ್ಸಿ ಹಿಡಿದು ಹೋಟೆಲಿಗೆ ಬಂದೆ. ದಾರಿಯುದ್ದಕ್ಕೂ ಉಳಿದಿದ್ದ ಬ್ಯಾಗನ್ನು ಎದೆಗೆ ಅವಚಿಕೊಂಡು, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದೆ. ಹಿಂದಿನ ಸೀಟಿನ ಬೆಲ್ಟ್ ಪಕ್ಕದಲ್ಲೇ ತೂಗುತ್ತಿತ್ತು, ಹಾಕಿಕೊಂಡಿರಲಿಲ್ಲ. ಬ್ಯಾಗು ಭದ್ರ, ನಾನು ಸಡಿಲ! ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ. ಸೀಟ್ ಬೆಲ್ಟ್ ಸಾವಿನ ಸಾಧ್ಯತೆಯನ್ನು ಅರ್ಧದವರೆಗೂ ಇಳಿಸಬಲ್ಲದು. ಜೇಬುಗಳ್ಳರ ಬಗ್ಗೆ ಎಚ್ಚರಿಸಿದ ಹನ್ನೆರಡು ಜನರಲ್ಲಿ ಒಬ್ಬರೂ ಬೆಲ್ಟಿನ ಮಾತು ಎತ್ತಲಿಲ್ಲ.

ಸಾಮಾನು ಮತ್ತು ಪ್ರಾಣ ಒಂದೇ ತಕ್ಕಡಿಗೆ ಬಂದಾಗ ನಮ್ಮ ಕೈ ಯಾವ ಕಡೆ ಹೋಗುತ್ತೆ ಅನ್ನೋದು ನಾವು ಅಂದುಕೊಂಡಷ್ಟು ಖಾತ್ರಿಯಲ್ಲ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್‌ನ ವಿಮಾನ ಕರಾವಳಿ ಪಡೆಯ ವಿಮಾನಕ್ಕೆ ಡಿಕ್ಕಿಯಾಗಿ ಹೊತ್ತಿಕೊಂಡಿತು. ಆ ಚಿಕ್ಕ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ಸತ್ತರು. ದೊಡ್ಡದರಲ್ಲಿ 379 ಜನರಿದ್ದರು. ಧ್ವನಿವರ್ಧಕ ಕೆಟ್ಟಿತ್ತು, ಸಿಬ್ಬಂದಿ ಮೆಗಾಫೋನ್ ಹಿಡಿದು, ಗಂಟಲು ಹರಿದು ಕೂಗಿದರು. ಎಂಟು ಬಾಗಿಲುಗಳಲ್ಲಿ ಬಳಸಲಾದದ್ದು ಮೂರೇ. ಸಾಮಾನು ಬಿಟ್ಟು ಬನ್ನಿ ಅಂದದ್ದನ್ನು ಜನ ಕೇಳಿದರು, 379 ಜನರೂ ಹೊರಗೆ ಬಂದರು. ತಲೆ ಮೇಲಿನ ಕಪಾಟುಗಳಲ್ಲಿ ಅವರ ಲ್ಯಾಪ್‌ಟಾಪು, ಉಡುಗೊರೆ ಎಲ್ಲ ಬೂದಿಯಾಯಿತು. ಒಬ್ಬೊಬ್ಬರೂ ಬ್ಯಾಗು ಇಳಿಸಲು ಐದೈದು ಸೆಕೆಂಡು ನಿಂತಿದ್ದರೆ ಹಿಂದಿನ ಸಾಲಿನವರ ಕತೆ ಏನಾಗುತ್ತಿತ್ತು, ಲೆಕ್ಕ ಹಾಕಿ.

ಅದನ್ನು ಓದಿದ ಮೇಲೆ ನನ್ನ ಪಾಸ್‌ಪೋರ್ಟು, ಆ ಚೀಟಿ ಇರುವ ಕನ್ನಡಕದ ಡಬ್ಬಿ ಎರಡೂ ವಿಮಾನ ಏರುವಾಗ ಮೈಮೇಲೇ ಇರುತ್ತವೆ, ಮೇಲಿನ ಕಪಾಟಿನಲ್ಲಲ್ಲ. ಕೂತ ತಕ್ಷಣ ಹಿಂದೆ ತಿರುಗಿ ಬಾಗಿಲಿಗೆ ಎಷ್ಟು ಸಾಲು ಅಂತ ಎಣಿಸುತ್ತೇನೆ, ಹೊಗೆಯಲ್ಲಿ ಕಾಣದಿದ್ದರೆ ಕೈಯಲ್ಲಿ ತಡವಿಕೊಂಡು ಹೋಗಲು. ಮೊನ್ನೆ ಹೀಗೆ ಎಣಿಸುತ್ತಿದ್ದಾಗ ಪಕ್ಕದ ಸೀಟಿನ ಹಿರಿಯರು ಏನು ನೋಡ್ತಿದ್ದೀರಿ ಅಂತ ಕೇಳಿದರು. ಹೇಳಿದೆ, ಏಳು ಸಾಲು ಅಂತ. ಅವರು ಸಾವಕಾಶವಾಗಿ ಕನ್ನಡಕ ಸರಿಮಾಡಿಕೊಂಡು, ತಿರುಗಿ, ಬೆರಳು ಮಡಚಿ ಎಣಿಸಿದರು.

"ಎಂಟು," ಅಂದರು.

ಮತ್ತೆ ಎಣಿಸಿದೆ. ಎಂಟೇ.