ಖಳನಾಯಕರೂ ನಾಯಕರೇ ಸ್ವಾಮಿ

ಐಚಿರೊ ಓಡಾ 1997ರಿಂದ ಬರೆಯುತ್ತಿರುವ ‘ವನ್ ಪೀಸ್’ ಎಂಬ ಕಡಲ್ಗಳ್ಳರ ಕಥೆಯ ಮಂಗಾ (ಜಪಾನಿ ಕಾಮಿಕ್ಸ್) ನೂರು ಸಂಪುಟ ದಾಟಿ ಇನ್ನೂ ಮುಗಿದಿಲ್ಲ. ಇಷ್ಟು ವರ್ಷದಲ್ಲಿ ಅದರ ಹೀರೊ ಲೂಫಿ ನಾಯಕತ್ವದ ಬಗ್ಗೆ ಕಲಿಸಿದ್ದು ಸೊನ್ನೆ. ಹಸಿವಾದರೆ ತಿನ್ನುತ್ತಾನೆ, ಸಿಟ್ಟು ಬಂದರೆ ಗುದ್ದುತ್ತಾನೆ, ಯಾರಾದರೂ ಪ್ಲಾನ್ ವಿವರಿಸಲು ಕೂತರೆ ಕೇಳಿಸಿಕೊಳ್ಳುವುದೇ ಇಲ್ಲ. ಸಂಸ್ಥೆ ಕಟ್ಟಿದವರು, ಹುದ್ದೆ ಸೃಷ್ಟಿಸಿದವರು, ಟಾರ್ಗೆಟ್ ಕೊಟ್ಟವರೆಲ್ಲ ವಿಲನ್‌ಗಳೇ. ಆದ್ದರಿಂದ ಸ್ಟಾರ್ ಹೋಟೆಲಿನಲ್ಲಿ ಬಫೆ ಊಟದ ಆಚೀಚೆ ನಡೆಯುವ ಲೀಡರ್‌ಶಿಪ್ ಕಾರ್ಯಾಗಾರಗಳಿಗೆ ಇವರನ್ನೇ ಸಂಪನ್ಮೂಲ ವ್ಯಕ್ತಿಗಳಾಗಿ ಕರೆಯಬೇಕು. ಅಲ್ಲಿ ಸ್ಲೈಡಿನಲ್ಲಿ ಓದಿ ಹೇಳುವುದನ್ನು ಇವರು ಚಾಚೂ ತಪ್ಪದೆ ಮಾಡಿದ್ದಾರೆ.

ಉದ್ಘಾಟನೆಗೆ ಕ್ರೊಕೊಡೈಲ್. ಅವನ ಗುಪ್ತ ಸಂಸ್ಥೆ ಬರೋಕ್ ವರ್ಕ್ಸ್‌ನಲ್ಲಿ ಬಾಸ್ ಯಾರೆಂದು ನೌಕರರಿಗೆ ಗೊತ್ತಿಲ್ಲ, ಪಕ್ಕದ ಸೀಟಿನವನ ಹೆಸರು ಕೇಳುವಂತಿಲ್ಲ. ಗಂಡಸರಿಗೆ ನಂಬರ್, ಜೊತೆಗಾರ್ತಿಯರಿಗೆ ವಾರದ ಇಲ್ಲವೇ ಹಬ್ಬದ ಹೆಸರು. ಮಿಸ್ಟರ್ 5ಕ್ಕೆ ಮಿಸ್ ವ್ಯಾಲೆಂಟೈನ್, ಮಿಸ್ಟರ್ 9ಕ್ಕೆ ಮಿಸ್ ವೆನ್ಸ್‌ಡೇ. ಗೋಪ್ಯತೆ ಎಂದರೆ ಇದು! ಆದರೆ ಪೂರ್ವಾಪರ ವಿಚಾರಿಸುವುದೇ ಅಪರಾಧವಾದ ಕಂಪನಿಯಲ್ಲಿ ನೇಮಕಾತಿ ಹೇಗಿದ್ದೀತು? ಆ ಮಿಸ್ ವೆನ್ಸ್‌ಡೇ ಬೇರೆ ಯಾರೂ ಅಲ್ಲ, ಕ್ರೊಕೊಡೈಲ್ ನುಂಗಲು ಹೊರಟಿದ್ದ ಅಲಬಾಸ್ಟ ರಾಜ್ಯದ ರಾಜಕುಮಾರಿ ವಿವಿ. ಮಿಸ್ಟರ್ 8 ಆಗಿ ಸೇರಿದವನು ಅವಳದೇ ಅಂಗರಕ್ಷಕ ಪಡೆಯ ಮುಖ್ಯಸ್ಥ.

ಇದಕ್ಕಿಂತ ಸೊಗಸು ಲಿಟಲ್ ಗಾರ್ಡನ್ ದ್ವೀಪದ ಫೋನ್ ಕರೆ. ಮಿಸ್ಟರ್ 3ರ ಅಡಗುದಾಣದಲ್ಲಿ ಬಸವನಹುಳು ಫೋನ್ ಗುನುಗುತ್ತದೆ. ಎತ್ತಿಕೊಂಡವನು ಶತ್ರು ಪಾಳೆಯದವನು, ಲೂಫಿಯ ಹಡಗಿನ ಅಡುಗೆಯವನು ಸಾಂಜಿ. ಬಾಸ್ ವರದಿ ಕೇಳುತ್ತಾನೆ. ಎಲ್ಲರನ್ನೂ ಮುಗಿಸಿದ್ದೇನೆ ಎಂದು ಸಾಂಜಿ ಒಪ್ಪಿಸುತ್ತಾನೆ. ತನ್ನ ಆಫೀಸರನ ದನಿಯನ್ನೇ ಕೇಳಿ ಗೊತ್ತಿಲ್ಲದ ಬಾಸ್‌ಗೆ ಅನುಮಾನ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಮಿಸ್ಟರ್ 3ಕ್ಕೆಂದು ಅವನು ಕಳಿಸಿದ್ದ, ಸೀದಾ ಅಲಬಾಸ್ಟದ ದಿಕ್ಕನ್ನೇ ತೋರುವ ದಿಕ್ಸೂಚಿಯೂ ಸಾಂಜಿಯ ಕೈಗೇ ಬಂತು. ಮನೆಗೆ ಕನ್ನ ಹಾಕುವವನಿಗೆ ಯಜಮಾನನೇ ವಿಳಾಸ ಬರೆದು, ಗಾಡಿ ಖರ್ಚನ್ನೂ ಕೊಟ್ಟ ಹಾಗಾಯಿತು.

‘ನಾವೆಲ್ಲ ಒಂದೇ ಕುಟುಂಬ’ ಎಂಬ ವಿಷಯಕ್ಕೆ ಇಬ್ಬರು ಭಾಷಣಕಾರರು. ಕಡಲ್ಗಳ್ಳರ ರಾಣಿ ಬಿಗ್ ಮಾಮ್‌ಗೆ 43 ಗಂಡಂದಿರಿಂದ 85 ಮಕ್ಕಳು. ಖಾತೆ ಹಂಚಿಕೆಯಲ್ಲಿ ಭಿನ್ನಮತವೇ ಏಳದ ಸರ್ಕಾರ ಅದು: ಕಟಕುರಿ ಹಿಟ್ಟಿನ ಮಂತ್ರಿ, ಕ್ರ್ಯಾಕರ್ ಬಿಸ್ಕತ್ತಿನ ಮಂತ್ರಿ, ಸ್ಮೂದಿ ಜ್ಯೂಸ್ ಮಂತ್ರಿ. ಪ್ರಜೆಗಳು ಆರು ತಿಂಗಳಿಗೊಮ್ಮೆ ತಮ್ಮ ಆಯುಸ್ಸಿನಲ್ಲಿ ಒಂದು ತಿಂಗಳನ್ನು ತೆರಿಗೆ ಕಟ್ಟಬೇಕು. ಅಮ್ಮನಿಗೆ ಯಾವುದೋ ಒಂದು ಸಿಹಿ ತಿನ್ನುವ ಹುಚ್ಚು ಹತ್ತಿ ಅದು ತಕ್ಷಣ ಸಿಗದಿದ್ದರೆ ರಾಜಧಾನಿಯನ್ನೇ ಕಡಿದು ಮೆಲ್ಲುತ್ತಾಳೆ. ತಡೆಯಲು ಹೋದ ಜೆಲಾಟೊ ಮಂತ್ರಿ, ಸ್ವಂತ ಮಗ ಮೊಸ್ಕಾಟೊನ ಆಯುಸ್ಸನ್ನೇ ಎಳೆದು ನುಂಗಿದಳು. ವಂಶಾಡಳಿತದಲ್ಲಿ ಮುಂದಿನ ಪೀಳಿಗೆಗೆ ಅವಕಾಶವಿಲ್ಲ ಎಂದು ದೂರುವವರು ಇದನ್ನೊಮ್ಮೆ ನೋಡಬೇಕು.

ಎರಡನೆಯವನು ರಾಜನಾಗಿ ಕೂತ ಕಡಲ್ಗಳ್ಳ ಡೋಫ್ಲಮಿಂಗೊ. ಎದುರಾಡಿದವರನ್ನು ಆಟಿಕೆಗಳಾಗಿಸಿ, ಅವರ ನೆನಪನ್ನೇ ಹೆಂಡತಿ ಮಕ್ಕಳ ತಲೆಯಿಂದ ಅಳಿಸಿಬಿಟ್ಟ. ದೂರು ಶೂನ್ಯ, ಏಕೆಂದರೆ ದೂರುದಾರನೇ ಶೂನ್ಯ. ಈ ಇಡೀ ವ್ಯವಸ್ಥೆ ನಿಂತಿದ್ದು ಶುಗರ್ ಎಂಬ ಒಬ್ಬ ಹುಡುಗಿಯ ಮೇಲೆ. ಅವಳಿಗೆ ಎಚ್ಚರ ತಪ್ಪಿದರೆ ಸಾಕು, ಎಲ್ಲ ವಾಪಸ್. ಹತ್ತು ವರ್ಷದ ಆಳ್ವಿಕೆಯಲ್ಲಿ ಒಂದು ಬದಲಿ ವ್ಯವಸ್ಥೆ ಮಾಡಲಿಲ್ಲ ಮಹಾರಾಯ. ಅವಳು ಲೂಫಿಯ ಕಡೆಯ ಉಸೊಪ್‌ನ ಬಾಯಿಗೆ ಕಡು ಖಾರದ ದ್ರಾಕ್ಷಿ ತುರುಕಿದಳು. ಕಣ್ಣು ಗುಡ್ಡೆ ಹೊರಬಂದು ನಾಲಿಗೆ ಚಾಚಿದ ಅವನ ಮುಖ ಕಂಡು ತಾನೇ ಬೆಚ್ಚಿ ಮೂರ್ಛೆ ಹೋದಳು. ರಾಜ್ಯ ಬಿದ್ದದ್ದು ಖಾರಕ್ಕೆ.

ಮಾನವ ಸಂಪನ್ಮೂಲದ ಮಾತು ಬಂದರೆ ಇನ್ನೊಬ್ಬ ಕಡಲ್ಗಳ್ಳ ನಾಯಕ ಕೈಡೊನೇ ಗುರು. ಅವನ ಪಡೆಯ ಬುಡದಲ್ಲಿರುವವರು ವೇಟರ್ಸ್. ಊಟ ಬಡಿಸುವವರಲ್ಲ, ಸ್ಮೈಲ್ ಎಂಬ ಕೃತಕ ಹಣ್ಣಿಗಾಗಿ ಕಾಯುವವರು. ಹಣ್ಣು ತಿಂದ ಹತ್ತರಲ್ಲಿ ಒಬ್ಬನಿಗೆ ಪ್ರಾಣಿಶಕ್ತಿ ಬಂದು ಗಿಫ್ಟರ್ ಆಗುತ್ತಾನೆ. ಉಳಿದ ಒಂಬತ್ತು ಮಂದಿಗೆ ಶಕ್ತಿಯೂ ಇಲ್ಲ, ಈಜುವುದೂ ಮರೆತುಹೋಗುತ್ತದೆ, ಅಳುವ, ಸಿಟ್ಟಾಗುವ ಭಾಗ್ಯವೂ ಹೋಗಿ ಸದಾ ನಗುವುದೊಂದೇ ಉಳಿಯುತ್ತದೆ. ಅವರ ಹುದ್ದೆಯ ಹೆಸರು ಪ್ಲೆಷರ್ಸ್. ಸಂಬಳ ಏರದಿದ್ದರೂ ಸೋಮವಾರದ ಮೀಟಿಂಗಿನಲ್ಲಿ ಹಲ್ಲು ಕಿರಿದು ಕೂರುವ ನೌಕರನನ್ನು ಹಣ್ಣು ಕೊಟ್ಟು ತಯಾರಿಸಿದವನು ಇವನೊಬ್ಬನೇ. ಬಡ್ತಿ ಪಡೆದವರೂ ಸುಖವಾಗಿಲ್ಲ. ಹೋಲ್ಡೆಮ್‌ಗೆ ಹೊಟ್ಟೆಯ ಮೇಲೆ ಸಿಂಹದ ತಲೆ ಮೊಳೆಯಿತು, ಅದು ಅವನ ಮಾತನ್ನೇ ಕೇಳುವುದಿಲ್ಲ.

ಮುಂದೆ ಲೂಫಿಯ ಕಡೆಯವರು ಕೈಡೊ ಮೇಲೆ ಯುದ್ಧಕ್ಕೆ ಬಂದ ದಿನ ತಾಮಾ ಎಂಬ ಪುಟ್ಟ ಹುಡುಗಿ ತನ್ನ ಕೆನ್ನೆಯಿಂದ ಚಿವುಟಿ ತೆಗೆಯುವ ಬರಗಿನ ಉಂಡೆ ತಿಂದ ಗಿಫ್ಟರ್‌ಗಳೆಲ್ಲ ಅವಳ ಬಂಟರಾದರು. ಪ್ರಾಣಿಗಳನ್ನು ಪಳಗಿಸುವ ಉಂಡೆ ಅದು. ಪ್ರಾಣಿಯ ಅಂಶವೇ ಇಲ್ಲದ ವೇಟರ್‌ಗಳ ಮೇಲೆ, ಪ್ಲೆಷರ್‌ಗಳ ಮೇಲೆ ಅದರ ಆಟ ನಡೆಯಲಿಲ್ಲ. ಅಂದರೆ ಕಂಪನಿ ಯಾರಿಗೆ ಬಡ್ತಿ ಕೊಟ್ಟಿತ್ತೋ ಅವರೇ ಎದುರು ಪಾರ್ಟಿ ಸೇರಿದರು. ರೆಸಾರ್ಟ್ ಇಲ್ಲ, ಚಾರ್ಟರ್ಡ್ ವಿಮಾನ ಇಲ್ಲ, ತಲೆಗೊಂದು ಉಂಡೆ.

ಸಮಾರೋಪ ಭಾಷಣ ಕೋಡಂಗಿ ವೇಷದ ಕಡಲ್ಗಳ್ಳ ಬಗ್ಗಿಯದು. ಕ್ರೊಕೊಡೈಲ್‌ಗೆ ಅವನು ಸಾಲ ಬಾಕಿ ಇಟ್ಟಿದ್ದ. ವಸೂಲಿಗೆ ಬಂದ ಕ್ರೊಕೊಡೈಲ್, ಕತ್ತಿವರಸೆಯ ದೊರೆ ಮಿಹಾಕ್ ಜೊತೆಗೂಡಿ ಕ್ರಾಸ್ ಗಿಲ್ಡ್ ಎಂಬ ಹೊಸ ಸಂಸ್ಥೆ ಕಟ್ಟಿದ. ಬಗ್ಗಿಯ ಕೆಲಸ ಜಾಗ ಮತ್ತು ಆಳು ಒದಗಿಸುವುದಷ್ಟೇ. ಆದರೆ ಪೋಸ್ಟರ್ ಮಾಡಿದವರು ಅವನ ಹುಡುಗರು. ನಟ್ಟನಡುವೆ ಬಗ್ಗಿಯ ಮುಖ ದೊಡ್ಡದಾಗಿ, ಉಳಿದಿಬ್ಬರು ಅವನ ಕೆಳಗೆ. ಫ್ಲೆಕ್ಸಿನಲ್ಲಿ ಯಾರ ತಲೆ ಎಷ್ಟು ದಪ್ಪ ಎಂದು ಅಳೆದು ನಾಯಕನನ್ನು ಗುರುತಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಗತ್ತು ನಂಬಿತು. ಬಗ್ಗಿ ನಾಲ್ವರು ಸಮುದ್ರ ಚಕ್ರವರ್ತಿಗಳಲ್ಲಿ ಒಬ್ಬನಾದ, ತಲೆಗೆ 318 ಕೋಟಿ 90 ಲಕ್ಷ ಬೆರಿ (ಆ ಲೋಕದ ಹಣ) ಬಹುಮಾನ. ಅವನ ಬಾಸ್ ಕ್ರೊಕೊಡೈಲ್‌ನ ತಲೆಗೆ 196 ಕೋಟಿ 50 ಲಕ್ಷ ಮಾತ್ರ.

ಇಬ್ಬರೂ ಸೇರಿ ಅವನನ್ನು ಚೆನ್ನಾಗಿ ತದುಕಿದರು. ಆಮೇಲೆ ಮಿಹಾಕ್‌ಗೆ ಹೊಳೆಯಿತು: ಇವನೇ ಮುಂದೆ ಇರಲಿ, ಏಟು ಬಿದ್ದರೆ ಮೊದಲು ಇವನಿಗೆ ಬೀಳುತ್ತದೆ. ಡಮ್ಮಿ ಅಧ್ಯಕ್ಷನನ್ನು ಕೂರಿಸುವ ಶಾಸ್ತ್ರೋಕ್ತ ವಿಧಾನವೇ ಇದು, ಇಬ್ಬರೂ ಪಳಗಿದ ಕೈಗಳು. ಆದರೆ ಮೈಕನ್ನು ಎತ್ತಿಡಲು ಮರೆತಿದ್ದರು. ಒಂದು ದಿನ ಬಗ್ಗಿ ಅದನ್ನು ಹಿಡಿದು, ನಾವು ವನ್ ಪೀಸ್ ನಿಧಿಯನ್ನೇ ಗೆಲ್ಲಲು ಹೊರಟಿದ್ದೇವೆ ಎಂದು ಇಡೀ ಪಡೆಗೆ ಕೂಗಿ ಹೇಳಿಬಿಟ್ಟ. ಕೆಳಗೆ ಸಾವಿರಾರು ಮಂದಿಯ ಜೈಕಾರ. ಮೇಲೆ ಇಬ್ಬರು ಮಾಲೀಕರು, ನೌಕರನ ಪ್ರಣಾಳಿಕೆ ಕೇಳಿಸಿಕೊಳ್ಳುತ್ತ.