ಶುಗರ್ ರಿಪೋರ್ಟ್ ನೋಡುವವರು ಪಾದವನ್ನೂ ನೋಡಬೇಕು

ನಿನ್ನೆ ಚಿಕ್ಕಮ್ಮನನ್ನು ಕರೆದುಕೊಂಡು ಒಂದು ಖಾಸಗಿ ಶುಗರ್ ಕ್ಲಿನಿಕ್ಕಿಗೆ ಹೋಗಿದ್ದೆ. ಅಲ್ಲಿ ಕಂಡದ್ದನ್ನು ಬರೆಯದೆ ಇರಲು ಮನಸ್ಸು ಒಪ್ಪುತ್ತಿಲ್ಲ. ವೈದ್ಯರು ರಿಪೋರ್ಟನ್ನು ಗಮನವಿಟ್ಟು ಓದಿದರು, ಮೂರು ತಿಂಗಳ ಸರಾಸರಿ ಹತೋಟಿಯಲ್ಲಿದೆ ಎಂದು ಸಂತೋಷಪಟ್ಟರು, ಅದೇ ಮಾತ್ರೆಗಳನ್ನು ಮುಂದುವರಿಸಲು ಬರೆದುಕೊಟ್ಟರು. ಏಳುವ ಮುನ್ನ ಚಿಕ್ಕಮ್ಮ ಸಂಕೋಚದಿಂದ, "ಪಾದ ಜುಮುಜುಮು ಅನ್ನುತ್ತೆ ಡಾಕ್ಟ್ರೇ, ಹತ್ತಿಯ ಮೇಲೆ ನಡೆದ ಹಾಗೆ ಆಗುತ್ತೆ" ಎಂದರು. "ವಯಸ್ಸಾಯಿತಲ್ಲ ಅಮ್ಮ, ಅಷ್ಟೆಲ್ಲ ಇದ್ದದ್ದೇ" ಎಂಬ ಉತ್ತರ ಬಂತು. ಮುಂದಿನ ಹೆಸರನ್ನು ಕೂಗಿದರು.

ಆ ಕೊಠಡಿಯೊಳಗೆ ಹೋಗುವಾಗ ಚಪ್ಪಲಿಯನ್ನು ಹೊರಗೆ ಬಿಡಬೇಕು. ಅಂದರೆ ಚಿಕ್ಕಮ್ಮ ವೈದ್ಯರೆದುರು ಕುಳಿತಿದ್ದುದು ಬರಿಗಾಲಿನಲ್ಲಿ. ನೋಡಬೇಕಾದ ಪಾದ ಮೇಜಿನ ಆಚೆಗೇ ಇತ್ತು, ಬಗ್ಗಿ ನೋಡಿದವರಿಲ್ಲ. ಹೊರಗೆ ಬಂದು ಅವರು ಚಪ್ಪಲಿ ಮೆಟ್ಟುವಾಗ ನಾನು ಅದನ್ನು ಕೈಗೆತ್ತಿಕೊಂಡೆ. ಪಟ್ಟಿ ಕಿತ್ತುಹೋದಾಗ ಹೊಡೆಸಿದ್ದ ಸಣ್ಣ ಮೊಳೆಯೊಂದರ ತುದಿ ಒಳಗಿನ ಚರ್ಮವನ್ನು ಸೀಳಿಕೊಂಡು ಮೇಲೆದ್ದಿತ್ತು, ನಡೆದೂ ನಡೆದೂ ಉಜ್ಜಿ ಹೊಳೆಯುತ್ತಿತ್ತು. ಹೆಬ್ಬೆರಳಿನ ಬುಡದಲ್ಲಿ ಅಂಗಾಲಿನ ಚರ್ಮ ಆಣಿಯಂತೆ ದಪ್ಪಗಟ್ಟಿತ್ತು, ಅದರ ನಡುವೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಚುಕ್ಕೆ, ಸುತ್ತಲೂ ಹೆಪ್ಪುಗಟ್ಟಿದ ರಕ್ತದ ಮಸುಕು ಬಣ್ಣ. "ನೋವಾಗಲಿಲ್ಲವೇ ಚಿಕ್ಕಮ್ಮ?" ಎಂದು ಕೇಳಿದರೆ, "ಏನೂ ಇಲ್ಲವಲ್ಲಪ್ಪ" ಎಂದರು. ನನ್ನನ್ನು ಹೆದರಿಸಿದ್ದು ಗಾಯಕ್ಕಿಂತ ಹೆಚ್ಚಾಗಿ ಆ ಉತ್ತರ.

ನಾನು ಸೇವೆಯಲ್ಲಿದ್ದಷ್ಟು ಕಾಲ ಕುಷ್ಠರೋಗ ವಿಭಾಗದಲ್ಲಿ ಪ್ಯಾರಾ ಮೆಡಿಕಲ್ ವರ್ಕರ್ ಆಗಿದ್ದುದು ಇಲ್ಲಿನ ಗೆಳೆಯರಿಗೆ ಗೊತ್ತೇ ಇದೆ. ಕುಷ್ಠವೂ ಮಧುಮೇಹದಂತೆಯೇ ನರಗಳನ್ನು ಕೆಡಿಸಿ ಪಾದಕ್ಕೆ ಸ್ಪರ್ಶ, ನೋವು ತಿಳಿಯದಂತೆ ಮಾಡಬಲ್ಲದು. ಹಾಗಾಗಿ ನಮ್ಮ ಕೆಲಸವೇ ಪಾದ ನೋಡುವುದಾಗಿತ್ತು. ರೋಗಿಗೆ ಕಣ್ಣು ಮುಚ್ಚಲು ಹೇಳಿ, ಅಂಗಾಲಿನ ಗೊತ್ತುಪಡಿಸಿದ ಜಾಗಗಳಲ್ಲಿ ಬಾಲ್‌ಪೆನ್ನಿನ ತುದಿಯನ್ನು ಮೃದುವಾಗಿ ಊರಿ, ತಗುಲಿದ ಜಾಗವನ್ನು ಬೆರಳಿಟ್ಟು ತೋರಿಸಿ ಎನ್ನುತ್ತಿದ್ದೆವು. ತೋರಿಸಲಾಗದ ಜಾಗವನ್ನು ಕಾರ್ಡಿನ ಪಾದದ ಚಿತ್ರದಲ್ಲಿ ಗುರುತು ಹಾಕುತ್ತಿದ್ದೆವು. ಸ್ಪರ್ಶ ತಿಳಿಯದ ಪಾದವೆಂದು ಗೊತ್ತಾದವರಿಗೆ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿಯನ್ನು ಸರ್ಕಾರವೇ ಉಚಿತವಾಗಿ ಕೊಡುತ್ತಿತ್ತು, ಇಂದಿಗೂ ಕೊಡುತ್ತದೆ. ಇಷ್ಟು ಸರಳವಾದ ಕೆಲಸ ಮಧುಮೇಹಿಗಳ ವಿಷಯದಲ್ಲಿ ಏಕೆ ನಡೆಯುವುದಿಲ್ಲ ಎಂಬುದು ನನ್ನ ಪ್ರಶ್ನೆ, ಮತ್ತು ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಈ ಎರಡು ರೋಗಗಳ ನಂಟು ನಾನು ಕಟ್ಟಿದ ಕಥೆಯಲ್ಲ, ಅದು ದಾಖಲಾದ ಚರಿತ್ರೆ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರಚಿಕಿತ್ಸಕ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಬೆರಳುಗಳು ರೋಗದಿಂದಲೇ ಕೊಳೆತು ಉದುರುತ್ತವೆ ಎಂಬ ಅಂದಿನ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ನೋವು ತಿಳಿಯದ ಕಾರಣ ಆಗುವ ಸುಟ್ಟಗಾಯ, ಒತ್ತಡ, ಉಜ್ಜುವಿಕೆಗಳೇ ಅಂಗಗಳನ್ನು ತಿಂದುಹಾಕುತ್ತವೆ ಎಂದು ಅವರು ತೋರಿಸಿಕೊಟ್ಟರು. ರಾತ್ರಿ ಮಲಗಿದವರ ಬೆರಳುಗಳನ್ನು ಇಲಿಗಳು ಕಡಿಯುತ್ತಿದ್ದರೂ ಎಚ್ಚರವಾಗುತ್ತಿರಲಿಲ್ಲವೆಂದು ತಿಳಿದ ಮೇಲೆ, ಮನೆಗೆ ಮರಳುವ ರೋಗಿಗಳ ಜೊತೆ ಬೆಕ್ಕನ್ನೂ ಕಳಿಸುತ್ತಿದ್ದರು. ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ ರೂಪುಗೊಂಡದ್ದೂ ಈ ಕೆಲಸದಿಂದಲೇ. ಮುಂದೆ 1966ರಲ್ಲಿ ಅವರು ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದಾಗ, ಮಧುಮೇಹಿಗಳ ಪಾದದ ಹುಣ್ಣೂ ಇದೇ ರೀತಿಯದೆಂದು ಗುರುತಿಸಿ ಅದೇ ಚಿಕಿತ್ಸೆಯನ್ನು ಅಳವಡಿಸಿದರು. ಹುಣ್ಣಿನ ಮೇಲೆ ಭಾರ ಬೀಳದಂತೆ ಪಾದಕ್ಕೂ ಕಾಲಿಗೂ ಹೊಂದಿಸಿ ಹಾಕುವ ಪ್ಲಾಸ್ಟರ್ ಕಟ್ಟು, ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಸ್ಪರ್ಶ ಪರೀಕ್ಷೆ, ಇವೆಲ್ಲ ಕಾರ್ವಿಲ್ಲಿನಿಂದ ಜಗತ್ತಿನ ಮಧುಮೇಹ ಕ್ಲಿನಿಕ್ಕುಗಳಿಗೆ ಹರಡಿದವು. ನಮ್ಮ ಪಕ್ಕದ ರಾಜ್ಯದಲ್ಲಿ ಬಡವರ ಪಾದಗಳಿಂದ ಕಲಿತ ವಿದ್ಯೆ ಪ್ರಪಂಚವನ್ನೆಲ್ಲ ಸುತ್ತಿಬಂದರೂ ನಮ್ಮ ಊರಿನ ಕ್ಲಿನಿಕ್ಕಿನ ಮೇಜಿನ ಆಚೆಗೆ ತಲುಪಿಲ್ಲವೆಂದರೆ ನನಗೆ ಸಿಟ್ಟು ಬರದೆ ಇನ್ನೇನಾಗಬೇಕು?

ಈಗ "ವಯಸ್ಸಾಯಿತಲ್ಲ" ಎಂಬ ಮಾತಿಗೆ ಬರುತ್ತೇನೆ. ಮೂರು ತಿಂಗಳ ಸರಾಸರಿ ಎಂದು ನಾವು ಕರೆಯುವ ಎಚ್‌ಬಿಎ1ಸಿ ಅಳೆಯುವುದು ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಸಕ್ಕರೆಯನ್ನು. ಕೆಂಪು ರಕ್ತಕಣ ಸುಮಾರು 120 ದಿನ ಬದುಕಿ ಸಾಯುವುದರಿಂದ ಅದಕ್ಕೆ ಅಂಟಿದ ಸಕ್ಕರೆಯ ಲೆಕ್ಕವೂ ಅಲ್ಲಿಗೆ ಮುಗಿಯುತ್ತದೆ. ಆದರೆ ಅದೇ ಸಕ್ಕರೆ ಚರ್ಮ, ಕೀಲು, ರಕ್ತನಾಳಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿಗೂ ಅಂಟಿಕೊಳ್ಳುತ್ತದೆ, ಮತ್ತು ಕೊಲಾಜೆನ್ ವರ್ಷಗಟ್ಟಲೆ ಬದಲಾಗದೆ ಉಳಿಯುತ್ತದೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುವ ರಾಸಾಯನಿಕ ಕ್ರಿಯೆಯೇ ನಮ್ಮ ದೇಹದೊಳಗೆ ಬಹಳ ನಿಧಾನವಾಗಿ ನಡೆಯುತ್ತಿರುತ್ತದೆ, ಮುಪ್ಪಿಗೆ ಇದೂ ಒಂದು ಕಾರಣವಿರಬಹುದು ಎಂದು ವಿಜ್ಞಾನಿಗಳಾದ ಮೊನಿಯರ್ ಮತ್ತು ಸೆರಾಮಿ 1981ರಲ್ಲೇ ಬರೆದರು. ಎಲ್ಲರಲ್ಲೂ ವಯಸ್ಸಿನೊಂದಿಗೆ ಆಗುವ ಈ ಗಡಸುತನ ಮಧುಮೇಹಿಗಳಲ್ಲಿ ಬೇಗ ಆಗುತ್ತದೆ. ಬೆರಳಿನ ಕೀಲುಗಳು ಬಿಗಿಯಾಗಿ, ನಡೆಯುವಾಗ ಭಾರವೆಲ್ಲ ಒಂದೇ ಕಡೆ ಬಿದ್ದು, ಅಲ್ಲಿ ಚರ್ಮ ದಪ್ಪಗಟ್ಟಿ, ಆ ದಪ್ಪ ಚರ್ಮದ ಕೆಳಗೆ ಯಾರಿಗೂ ಕಾಣದಂತೆ ಹುಣ್ಣು ಶುರುವಾಗುತ್ತದೆ. ಆದ್ದರಿಂದ ವಯಸ್ಸಾದದ್ದು ಪಾದವನ್ನು ಇನ್ನಷ್ಟು ಎಚ್ಚರದಿಂದ ನೋಡಲು ಕಾರಣವಾಗಬೇಕು. ನೋಡದೆ ಕಳಿಸುವುದಕ್ಕೆ ಅದನ್ನೇ ಸಮಜಾಯಿಷಿಯಾಗಿ ಬಳಸುವುದು ಅನ್ಯಾಯ. ಇನ್ನೊಂದು ಮಾತು: ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು, ಅದೂ ನರಗಳನ್ನು ಕೆಡಿಸುತ್ತದೆ. ಒಂದು ರಕ್ತಪರೀಕ್ಷೆಯಿಂದ ತಿಳಿಯುವ, ಸುಲಭವಾಗಿ ತುಂಬಿಕೊಡಬಹುದಾದ ಈ ಕೊರತೆಯೂ "ವಯಸ್ಸು" ಎಂಬ ಒಂದೇ ಮಾತಿನಡಿ ಮುಚ್ಚಿಹೋಗುತ್ತದೆ. ಚಿಕ್ಕಮ್ಮನಿಗೆ ಆ ಪರೀಕ್ಷೆಯನ್ನು ಈವರೆಗೆ ಯಾರೂ ಬರೆದುಕೊಟ್ಟಿಲ್ಲ.

ಶುಗರ್ ಹತೋಟಿಯಲ್ಲಿದ್ದರೆ ಸಾಲದೇ ಎಂದು ನೀವು ಕೇಳಬಹುದು. ಹತೋಟಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಟೈಪ್ 1 ಮಧುಮೇಹವಿದ್ದ 1,441 ಜನರನ್ನು 1983ರಿಂದ 1993ರವರೆಗೆ ಅನುಸರಿಸಿದ ಡಿಸಿಸಿಟಿ ಅಧ್ಯಯನದಲ್ಲಿ ಬಿಗಿಯಾದ ಹತೋಟಿಯಿಂದ ನರಹಾನಿ ಶೇ. 60ರಷ್ಟು ತಗ್ಗಿತು. ಟೈಪ್ 2 ಮಧುಮೇಹಿಗಳನ್ನು ಕುರಿತ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದ ಫಲಿತಾಂಶ 1998ರಲ್ಲಿ ಬಂದಾಗಲೂ ಸಣ್ಣ ರಕ್ತನಾಳಗಳ ತೊಂದರೆಗಳು ಒಟ್ಟಾರೆ ಶೇ. 25ರಷ್ಟು ಕಡಿಮೆಯಾಗಿದ್ದವು. ಆದರೆ ನಮ್ಮ ಮನೆಯ ಹಿರಿಯರಲ್ಲಿ ಹೆಚ್ಚಿನವರಿಗಿರುವ ಟೈಪ್ 2ರಲ್ಲಿ, ಸಕ್ಕರೆಯ ಹತೋಟಿಯೊಂದರಿಂದಲೇ ನರಗಳಿಗೆ ಸಿಗುವ ರಕ್ಷಣೆ ಟೈಪ್ 1ರಲ್ಲಿ ಕಂಡಷ್ಟು ದೊಡ್ಡದಲ್ಲ. ಸತ್ತುಹೋದ ನರವನ್ನು ಮರಳಿ ಚಿಗುರಿಸುವ ಔಷಧಿಯೂ ನಮ್ಮ ಕೈಯಲ್ಲಿಲ್ಲ. ಉರಿ ಮತ್ತು ನೋವನ್ನು ತಗ್ಗಿಸುವ ಮಾತ್ರೆಗಳು ಮಾತ್ರ ಇವೆ. ಸಕ್ಕರೆ ಅಂಟುವುದನ್ನೇ ತಡೆಯುತ್ತದೆಂದು ಭರವಸೆ ಮೂಡಿಸಿದ್ದ ಅಮಿನೊಗ್ವಾನಿಡಿನ್ ಎಂಬ ಔಷಧಿ ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ನಿರೀಕ್ಷಿತ ಫಲ ಕೊಡಲಿಲ್ಲ. ಹೊಸ ಔಷಧಿಗಳು ಬರಲಿ, ನಾನು ಮೊದಲು ಸ್ವಾಗತಿಸುತ್ತೇನೆ. ಅವು ಬರುವವರೆಗೆ ಪಾದ ಕಾಯುವುದಿಲ್ಲ.

ವೈದ್ಯರಿಗೆ ಸಮಯವೆಲ್ಲಿದೆ ಎಂಬ ಮಾತು ಖಂಡಿತ ಬರುತ್ತದೆ. ಹೊರಗೆ ಕಾದಿದ್ದವರ ಸಾಲನ್ನು ನಾನೂ ನೋಡಿದ್ದೇನೆ, ಅವರ ಶ್ರಮದ ಬಗ್ಗೆ ಗೌರವವೂ ಇದೆ. ಆದರೆ ಈ ಕೆಲಸಕ್ಕೆ ವೈದ್ಯರೇ ಬೇಕೆಂದು ಯಾರು ಹೇಳಿದರು? ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ತಂಡ 2011ರಲ್ಲಿ ಪ್ರಕಟಿಸಿದ ಪರೀಕ್ಷೆಗೆ ಉಪಕರಣವೇ ಬೇಡ. ಕಣ್ಣು ಮುಚ್ಚಿಕೊಂಡವರ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳಲ್ಲಿ ಸ್ಪರ್ಶ ತಿಳಿಯದಿದ್ದರೆ ಆ ಪಾದ ಅಪಾಯದಲ್ಲಿದೆ ಎಂದರ್ಥ. ಇದನ್ನು ನರ್ಸ್ ಮಾಡಬಹುದು, ಆಶಾ ಕಾರ್ಯಕರ್ತೆ ಮಾಡಬಹುದು, ಮನೆಯಲ್ಲಿ ಮೊಮ್ಮಗಳೂ ಮಾಡಬಹುದು. ರಕ್ತದೊತ್ತಡ ಅಳೆಯುವಷ್ಟು ಹೊತ್ತೂ ಹಿಡಿಯದ ಕೆಲಸಕ್ಕೆ ಸಮಯವಿಲ್ಲ ಎಂಬ ವಾದವನ್ನು ನಾನು ಒಪ್ಪಲಾರೆ. ಅತ್ತ ಬೆರಳು, ಪಾದ, ಮೊಣಕಾಲಿನವರೆಗೆ ಕತ್ತರಿಸುವ ಶಸ್ತ್ರಚಿಕಿತ್ಸೆಗೆ ಸಮಯವೂ ಹಣವೂ ಹೇಗೋ ಹೊಂದಿಕೆಯಾಗುತ್ತದೆಯಲ್ಲ! ಹಾಗೆ ಕತ್ತರಿಸಬೇಕಾಗಿ ಬಂದ ಹೆಚ್ಚಿನ ಪ್ರಕರಣಗಳ ಮೂಲ ಇಂಥದೇ ಒಂದು ಸಣ್ಣ ಹುಣ್ಣು. ಮಾಸಿದ ಹುಣ್ಣು ಸಹ ಒಂದು ವರ್ಷದೊಳಗೆ ಸುಮಾರು ಶೇ. 40ರಷ್ಟು ಜನರಲ್ಲಿ ಮರಳಿ ಬರುತ್ತದೆ.

ನಮ್ಮ ಜೀವನಕ್ರಮದಲ್ಲಂತೂ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮನೆಯೊಳಗೆ ಬರಿಗಾಲು, ದೇವಸ್ಥಾನದಲ್ಲಿ ಬರಿಗಾಲು, ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಕಾದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ. ಕಾಲು ನೋವೆಂದು ಬಿಸಿನೀರಿನಲ್ಲಿ ಪಾದ ಅದ್ದಿ ಕೂರುವ ಅಭ್ಯಾಸ ಬೇರೆ. ಬಿಸಿ ತಿಳಿಯದ ಪಾದ ಬೊಬ್ಬೆ ಎದ್ದ ಮೇಲೆಯೇ ಮನೆಯವರ ಕಣ್ಣಿಗೆ ಬೀಳುತ್ತದೆ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10.1 ಕೋಟಿ. ನಮ್ಮಲ್ಲಿ ಸಂಶೋಧನೆ ನಡೆಯುತ್ತಿಲ್ಲವೆಂದು ನಾನು ಹೇಳುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕರ್ನಾಟಕ ಎಂಡೋಕ್ರೈನಾಲಜಿ ಸಂಶೋಧನಾ ಸಂಸ್ಥೆ ಸೇರಿ, ಒತ್ತಡ ಮಿತಿ ಮೀರಿದಾಗ ಒಳಗಿನ ಪುಟ್ಟ ಕಮಾನುಗಳು ತಾವಾಗಿಯೇ ಕೆಳಕ್ಕೆ ಮಡಚಿಕೊಂಡು, ಭಾರ ತೆಗೆದಾಗ ಮತ್ತೆ ಮೇಲೇಳುವ ಚಪ್ಪಲಿಯನ್ನು ರೂಪಿಸಿವೆ. ಓದಿದಾಗ ನನಗೆ ತುಂಬ ಹೆಮ್ಮೆಯಾಯಿತು. ಆದರೆ ಯಾರ ಪಾದಕ್ಕೆ ಅಂಥ ಚಪ್ಪಲಿ ಬೇಕೆಂದು ತಿಳಿಯಬೇಕಾದರೂ ಮೊದಲು ಪಾದವನ್ನು ನೋಡಿರಬೇಕಲ್ಲವೇ?

ಆಶಾ ಕಾರ್ಯಕರ್ತೆಯರು ಕುಷ್ಠದ ಮಚ್ಚೆ ಹುಡುಕಲು ಮನೆಮನೆಗೆ ಹೋಗುತ್ತಾರೆ. ಅದೇ ಮನೆಯ ಮಧುಮೇಹಿಯ ಆರು ಬೆರಳುಗಳನ್ನು ಮುಟ್ಟಿ ನೋಡುವುದನ್ನೂ ಅವರಿಗೆ ಕಲಿಸಬಹುದು, ಅದಕ್ಕೆ ಗೌರವಧನ ಕೊಡಬಹುದು, ಸ್ಪರ್ಶ ಕಳೆದುಕೊಂಡವರಿಗೆ ಕುಷ್ಠರೋಗಿಗಳಿಗೆ ಕೊಡುವಂಥದೇ ಚಪ್ಪಲಿಯನ್ನು ಕೊಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಶುಗರ್, ಬಿಪಿಯಂಥ ಅಂಟುರೋಗವಲ್ಲದ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್ಕುಗಳಲ್ಲಿ ಕೆಲಸ ಮಾಡುವ ಗೆಳೆಯರು ಇಲ್ಲಿ ಹಲವರಿದ್ದೀರಿ. ನಿಮ್ಮಲ್ಲಿ ಶುಗರ್ ಪರೀಕ್ಷೆಗೆ ಬಂದವರ ಪಾದವನ್ನು ಯಾರು ನೋಡುತ್ತಾರೆ, ಅದನ್ನು ಯಾವ ಕಾರ್ಡಿನಲ್ಲಿ ಬರೆಯುತ್ತಾರೆ, ದಯವಿಟ್ಟು ಕೆಳಗೆ ತಿಳಿಸಿ. ಎಲ್ಲಿಯೂ ನೋಡುತ್ತಿಲ್ಲವಾದರೆ, ಕಲಿಸಿಕೊಡಲು ಸ್ವಂತ ಖರ್ಚಿನಲ್ಲಿ ಬರುತ್ತೇನೆ, ದಿನಾಂಕ ಹೇಳಿ.